ಸಪ್ಲೈ ಚೈನ್ ಓದೋಕೆ ಗಣಿತ ಎಷ್ಟು ಬೇಕು, ಸಾಫ್ಟ್‌ವೇರ್ ಸರ್ಟಿಫಿಕೇಟ್ ಅಷ್ಟೇ ಸಾಕಾಗಲ್ವಾ?

ನೀವು ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೀರಿ, ಮುಂದೆ ಲಾಜಿಸ್ಟಿಕ್ಸ್, ಸಪ್ಲೈ ಚೈನಲ್ಲಿ ಪಿಜಿ ಮಾಡೋ ಆಸೆ ಇದೆ, ಆದ್ರೆ ಗಣಿತದ ಭಯ, ಅದರ ಬದಲು ಆರು ತಿಂಗಳ ಸಾಫ್ಟ್‌ವೇರ್ ಸರ್ಟಿಫಿಕೇಟ್ ಮಾಡ್ಕೊಂಡ್ರೆ ಸಾಲಲ್ವಾ ಅಂತ ಕೇಳಿದ್ದೀರಿ, ಜೊತೆಗೆ ಮನೇಲಿ ಇದನ್ನ ಗೋಡೌನ್ ಕೆಲಸ ಅಂತಾರೆ ಅಂತಾನೂ ಬರೆದಿದ್ದೀರಿ. ನಾನು ಇಂಡಸ್ಟ್ರಿಯಲ್ ಇಂಜಿನಿಯರಿಂಗಲ್ಲಿ ಎಂಟೆಕ್ ಮಾಡಿ ಈಗ ಬೆಂಗಳೂರಲ್ಲಿ ಪ್ಲಾನಿಂಗ್ ಟೀಮಲ್ಲಿ ಕೆಲಸ ಮಾಡ್ತಿದ್ದೀನಿ, ಹಾಗಾಗಿ ನನಗೆ ಗೊತ್ತಿರೋಷ್ಟು ಹೇಳ್ತೀನಿ.

ಗಣಿತ ಬೇಕೇ ಬೇಕು. ಆದ್ರೆ ಎಂ3, ಎಂ4 ಅನ್ನೋ ಇಂಜಿನಿಯರಿಂಗ್ ಗಣಿತದ ಪೇಪರ್‌ಗಳಲ್ಲಿ ನಿಮಗೆ ಕಷ್ಟ ಕೊಟ್ಟ ಡಿಫರೆನ್ಷಿಯಲ್ ಇಕ್ವೇಷನ್ನು, ಫೋರಿಯರ್ ಸೀರೀಸು ಇಲ್ಲಿ ಹೆಚ್ಚುಕಮ್ಮಿ ಬರೋದೇ ಇಲ್ಲ. ಬರೋದು ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್, ಲೀನಿಯರ್ ಪ್ರೋಗ್ರಾಮಿಂಗ್ (ಇದು ಕೋಡಿಂಗ್ ಅಲ್ಲ, ಇರೋ ಮಿತಿಯೊಳಗೆ ಖರ್ಚು ಕಮ್ಮಿ ಅಥವಾ ಲಾಭ ಜಾಸ್ತಿ ಮಾಡೋ ಲೆಕ್ಕ). ಇವು ಮೂರನ್ನ ಗಟ್ಟಿಯಾಗಿ ಕಲಿತ್ರೆ ಕೋರ್ಸಿನ ಮುಕ್ಕಾಲು ಭಾಗ ಕೈಗೆ ಸಿಕ್ಕ ಹಾಗೆ.

ಬರೀ ಮಾತಲ್ಲಿ ಹೇಳಿದ್ರೆ ಗೊತ್ತಾಗಲ್ಲ, ಒಂದು ಲೆಕ್ಕ ಹಾಕೋಣ. ಒಂದು ಗೋಡೌನಿಂದ ದಿನಕ್ಕೆ ಸರಾಸರಿ 100 ಬಾಕ್ಸ್ ಹೋಗತ್ತೆ, ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದ್ರೆ ಸರಾಸರಿಯಿಂದ ಆಚೆ ಈಚೆ ಆಗೋ ಅಳತೆ, 20. ಆರ್ಡರ್ ಹಾಕಿದ 9 ದಿನಕ್ಕೆ ಮಾಲು ಬರತ್ತೆ, ಒಂದು ದಿನಾನೂ ಆಚೆ ಈಚೆ ಆಗಲ್ಲ ಅಂತಿಟ್ಕೊಳ್ಳಿ. ಆಗ ಆ 9 ದಿನದ ಬೇಡಿಕೆಯ ಏರುಪೇರು 20 ಇಂಟು 9ರ ವರ್ಗಮೂಲ, ಅಂದ್ರೆ 60. ನೂರಕ್ಕೆ 95 ಸಲ ಸ್ಟಾಕ್ ಖಾಲಿಯಾಗಬಾರದು ಅಂದ್ರೆ ಅದನ್ನ 1.65ರಿಂದ ಗುಣಿಸಬೇಕು (95%ಗೆ ನಾರ್ಮಲ್ ಡಿಸ್ಟ್ರಿಬ್ಯೂಷನ್ ಟೇಬಲಲ್ಲಿ ಸಿಗೋ ನಂಬರ್ ಇದು), 99 ಬಾಕ್ಸ್ ಸೇಫ್ಟಿ ಸ್ಟಾಕ್, ಅಂದ್ರೆ ಏರುಪೇರಿಗೆ ಅಂತ ಇಡೋ ಹೆಚ್ಚುವರಿ ಮಾಲು, ಇಟ್ಕೊಂಡ್ರೆ ಆಯ್ತು. ಈಗ ಒಂದೇ ಒಂದು ಬದಲಾವಣೆ ಮಾಡಿ. ಲಾರಿ ಸರಾಸರಿ 9 ದಿನಕ್ಕೇ ಬರತ್ತೆ, ಆದ್ರೆ ಕೆಲವು ಸಲ ಏಳಕ್ಕೆ, ಕೆಲವು ಸಲ ಹನ್ನೊಂದಕ್ಕೆ, ಡೀವಿಯೇಷನ್ 2 ದಿನ. ಮೊದಲಿನ 60ರ ವರ್ಗ 3600, ಅದಕ್ಕೆ 100ರ ವರ್ಗ ಇಂಟು 2ರ ವರ್ಗ, ಅಂದ್ರೆ 40000 ಸೇರಿಸಿ ವರ್ಗಮೂಲ ತೆಗೀರಿ, ಸುಮಾರು 209 ಬರತ್ತೆ, ಸೇಫ್ಟಿ ಸ್ಟಾಕ್ 345ರ ಹತ್ರ ಹೋಗತ್ತೆ. ಗಿರಾಕಿಗಳು ಬದಲಾಗಿಲ್ಲ, ಸರಾಸರಿನೂ ಬದಲಾಗಿಲ್ಲ, ಲಾರಿ ಹೇಳಿದ ದಿನಕ್ಕೆ ಬರ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಮೂರೂವರೆ ಪಟ್ಟು ಮಾಲು ಸುಮ್ನೆ ಕೂತಿರತ್ತೆ, ಅದರ ಮೇಲೆ ಹಾಕಿದ ದುಡ್ಡೂ ಕೂತಿರತ್ತೆ.

ಇದನ್ನ ಅರ್ಥ ಮಾಡ್ಕೊಂಡವರು ಮೊದಲು ಫೋರ್‌ಕಾಸ್ಟಿಂಗ್ ಸಾಫ್ಟ್‌ವೇರ್ ಕೊಳ್ಳೋಣ ಅನ್ನಲ್ಲ, ಲಾರಿ ಯಾಕೆ ಎರಡು ದಿನ ಲೇಟು ಅಂತ ಹುಡುಕ್ತಾರೆ. ಎಷ್ಟೋ ಸಲ ಕಾರಣ ರಸ್ತೇಲಿ ಇರಲ್ಲ, ಲೋಡಿಂಗ್ ಜಾಗದಲ್ಲಿ ಇರತ್ತೆ. ಸೇಲ್ಸ್ ಟಾರ್ಗೆಟ್ ಅಂತ ತಿಂಗಳ ಕೊನೇ ವಾರ ಎಲ್ಲಾ ಆರ್ಡರೂ ಒಟ್ಟಿಗೇ ಬಂದು ಬೀಳತ್ತೆ, ಹಮಾಲರು ಸಾಲಲ್ಲ, ಗಾಡಿಗಳು ಗೇಟ್ ಹೊರಗೆ ಸಾಲು ನಿಂತಿರ್ತವೆ, ಇನ್‌ವಾಯ್ಸ್ ರೆಡಿಯಾಗದೆ ಮಾಲು ಸಾಗಿಸೋಕೆ ಬೇಕಾದ ಇ-ವೇ ಬಿಲ್ ಆಗಿರಲ್ಲ. ಅದಕ್ಕೇ ಹೇಳೋದು, ಮನೆಯವರು ಗೋಡೌನ್ ಕೆಲಸ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಗೋಡೌನ್ ನೋಡದೆ ಈ ವಿಷಯ ಪೂರ್ತಿ ತಲೆಗೆ ಹೋಗಲ್ಲ.

ಇನ್ನು ಆಪ್ಟಿಮೈಸೇಷನ್, ಅಂದ್ರೆ ಇರೋ ದಾರಿಗಳಲ್ಲಿ ಅತಿ ಒಳ್ಳೇದನ್ನ ಹುಡುಕೋದು. 1959ರಲ್ಲಿ ಡ್ಯಾಂಟ್ಜಿಗ್ ಮತ್ತು ರಾಮ್ಸರ್ ಅನ್ನೋ ಇಬ್ರು, ಒಂದು ಟರ್ಮಿನಲ್‌ನಿಂದ ಬಂಕ್‌ಗಳಿಗೆ ಪೆಟ್ರೋಲ್ ಹಂಚೋ ಲಾರಿಗಳಿಗೆ ದಾರಿ ಹೇಗೆ ಹಾಕೋದು ಅಂತ ಒಂದು ಪೇಪರ್ ಬರೆದ್ರು, ವೆಹಿಕಲ್ ರೂಟಿಂಗ್ ಅನ್ನೋ ಇಡೀ ವಿಷಯ ಅಲ್ಲಿಂದ ಶುರುವಾಯ್ತು. ನಮ್ಮ ಹೊಸಕೋಟೆ ಹತ್ರ ದೇವನಗೊಂದಿಯ ಪೆಟ್ರೋಲ್ ಟರ್ಮಿನಲ್‌ನಿಂದ ಹೊರಡೋ ಟ್ಯಾಂಕರ್‌ಗಳದ್ದೂ ಅದೇ ಪ್ರಶ್ನೆ. ಕೇಳೋಕೆ ಸುಲಭ, ಆದ್ರೆ ಒಂದೇ ಗಾಡಿ 10 ಜಾಗ ಸುತ್ತಿ ವಾಪಸ್ ಬರೋಕೆ 1,81,440 ದಾರಿ ಇದೆ, 20 ಜಾಗ ಆದ್ರೆ ಆ ಸಂಖ್ಯೆ 6 ಬರೆದು ಮುಂದೆ 16 ಸೊನ್ನೆ ಹಾಕಿದಷ್ಟು (ಇದು ಹೊರಟ ಜಾಗಾನೂ ಸೇರಿಸಿ, ಹೋಗೋ ದಾರಿ ಬರೋ ದಾರಿ ಎರಡೂ ಒಂದೇ ಅಂತ ಲೆಕ್ಕ). ಒಂದೊಂದೇ ನೋಡ್ತಾ ಕೂರೋಕೆ ಆಗಲ್ಲ, ಅದಕ್ಕೇ ಹ್ಯೂರಿಸ್ಟಿಕ್ಸ್ ಕಲಿಸ್ತಾರೆ, ಬೆಳಗ್ಗೆ ಗಾಡಿ ಹೊರಡೋದರೊಳಗೆ ಸಾಕಷ್ಟು ಒಳ್ಳೇ ಉತ್ತರ ಕೊಡೋ ವಿಧಾನಗಳು. ನನಗೆ ಈಗಲೂ ತುಂಬಾ ಇಷ್ಟವಾದ ಭಾಗ ಇದು.

ಆದ್ರೆ ಮಾಡೆಲ್ ಬರೆಯೋದು ಒಂದು, ಅದರೊಳಗೆ ಹಾಕೋ ನಂಬರ್ ಎಲ್ಲಿಂದ ಬಂತು ಅಂತ ತಿಳ್ಕೊಳ್ಳೋದು ಇನ್ನೊಂದು. ಹೊಸೂರಲ್ಲಿ ಒಂದು ಫ್ಯಾಕ್ಟರಿ ಇದೆ ಅಂದ್ಕೊಳ್ಳಿ. 2017ರ ಜುಲೈಗಿಂತ ಮೊದಲು ಅವರು 40 ಕಿಲೋಮೀಟರ್ ದೂರದ ಬೆಂಗಳೂರಿನ ಡೀಲರ್‌ಗೆ ನೇರ ಮಾರಿದ್ರೆ ಅದು ಬೇರೆ ರಾಜ್ಯದ ಮಾರಾಟ, 2% ಸಿಎಸ್‌ಟಿ (ಕೇಂದ್ರ ಮಾರಾಟ ತೆರಿಗೆ) ಬೀಳ್ತಿತ್ತು, ಡೀಲರ್‌ಗೆ ಅದರ ಕ್ರೆಡಿಟ್ಟೂ ಸಿಗ್ತಿರ್ಲಿಲ್ಲ, ಅಂದ್ರೆ ತಾನು ಕಟ್ಟೋ ಟ್ಯಾಕ್ಸಲ್ಲಿ ಅದನ್ನ ಕಳೆಯೋಕೆ ಆಗ್ತಿರ್ಲಿಲ್ಲ. ಅದೇ ಮಾಲನ್ನ ಬೆಂಗಳೂರಿನ ತಮ್ಮದೇ ಡಿಪೋಗೆ ಕಳಿಸಿ ಅಲ್ಲಿಂದ ಬಿಲ್ ಮಾಡಿದ್ರೆ ಆ ಸಿಎಸ್‌ಟಿ ಇಲ್ಲ. ಹಾಗಾಗಿ ಎಷ್ಟೋ ಕಂಪನಿಗಳು ರಾಜ್ಯಕ್ಕೊಂದು ಡಿಪೋ ಇಟ್ಕೊಂಡಿದ್ವು, ದೂರ ನೋಡಿ ಅಲ್ಲ, ಟ್ಯಾಕ್ಸ್ ನೋಡಿ. ಜಿಎಸ್‌ಟಿ ಬಂದ ಮೇಲೆ ಆ ಕಾರಣ ಹೋಯ್ತು, ಸಣ್ಣ ಡಿಪೋಗಳನ್ನ ಮುಚ್ಚಿ ದೊಡ್ಡ ಗೋಡೌನ್ ಮಾಡೋಕೆ ಶುರು ಮಾಡಿದ್ರು. ಮಾಡೆಲ್ ಬಿಡಿಸೋ ಸಾಫ್ಟ್‌ವೇರ್‌ಗೆ, ಅಂದ್ರೆ ಸಾಲ್ವರ್‌ಗೆ, ಇದ್ಯಾವುದೂ ಗೊತ್ತಿರಲ್ಲ, ನೀವು ಹೇಳಿದ್ರೆ ಮಾತ್ರ ಗೊತ್ತಾಗತ್ತೆ.

ಸರ್ಟಿಫಿಕೇಟ್ ವಿಷಯಕ್ಕೆ ಬಂದ್ರೆ, ಸಾಫ್ಟ್‌ವೇರ್ ಯಾವ ಸ್ಕ್ರೀನಲ್ಲಿ ಏನು ಒತ್ತಬೇಕು ಅಂತ ಕಂಪನಿಗೆ ಸೇರಿದ ಮೇಲೂ ಕಲೀಬಹುದು. ಮೇಲಿನ ಲೆಕ್ಕದಲ್ಲಿ 1.65 ಯಾಕೆ ಬಂತು ಅಂತ ಅಲ್ಲಿ ಯಾರೂ ಕೂರಿಸ್ಕೊಂಡು ಹೇಳ್ಕೊಡಲ್ಲ, ಅದನ್ನ ಕಲಿಯೋಕೆ ಕಾಲೇಜೇ ಸರಿಯಾದ ಜಾಗ. ಲಕ್ಷ ಸುರಿದು ಸರ್ಟಿಫಿಕೇಟ್ ತಗೊಳ್ಳೋ ಬದಲು ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮದ್ರಾಸಿನ ಪ್ರೊಫೆಸರ್ ಜಿ. ಶ್ರೀನಿವಾಸನ್ ಅವರ ಆಪರೇಷನ್ಸ್ ರಿಸರ್ಚ್ ಪಾಠಗಳು ಫ್ರೀಯಾಗಿ ಸಿಗ್ತವೆ, ಪೇಪರ್ ಪೆನ್ ಹಿಡ್ಕೊಂಡು ಜೊತೆಗೇ ಬಿಡಿಸ್ತಾ ನೋಡಿ. ಆಮೇಲೆ ಪೈಥಾನ್‌ನಲ್ಲಿ ಪಲ್ಪ್ ಅಥವಾ ಓಆರ್-ಟೂಲ್ಸ್ ಅನ್ನೋ ಲೈಬ್ರರಿ ಹಾಕ್ಕೊಂಡು ಅದೇ ಪ್ರಾಬ್ಲಮ್‌ಗಳನ್ನ ಮಾಡಿ, ಅವೂ ಫ್ರೀನೇ.

ಎಲ್ಲಿ ಓದೋದು ಅನ್ನೋದು ನಿಮಗೆ ಏನಾಗಬೇಕು ಅನ್ನೋದರ ಮೇಲಿದೆ. ಮಾಡೆಲಿಂಗ್ ಇಷ್ಟ ಆದ್ರೆ ಗೇಟ್ ಬರೆದು ಐಐಟಿ ಬಾಂಬೆಯ ಐಇಓಆರ್ (ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಮತ್ತು ಆಪರೇಷನ್ಸ್ ರಿಸರ್ಚ್) ಥರದ ಕಡೆ ನೋಡಿ. ಮ್ಯಾನೇಜ್‌ಮೆಂಟ್ ಕಡೆ ಮನಸಿದ್ರೆ ಕ್ಯಾಟ್ ಬರೆದು ಐಐಎಂ ಮುಂಬೈ, ಅದೇ ಹಿಂದಿನ ಎನ್‌ಐಟಿಐಇ (NITIE), 2023ರಲ್ಲಿ ಐಐಎಂ ಆಯ್ತಲ್ಲ, ಅಲ್ಲಿ ಆಪರೇಷನ್ಸ್ ಮತ್ತು ಸಪ್ಲೈ ಚೈನ್‌ಗೇ ಅಂತ ಎಂಬಿಎ ಇದೆ. ಯಾವುದು ಅಂತ ತೀರ್ಮಾನ ಮಾಡೋಕೆ ಮುಂಚೆ ಫೈನಲ್ ಇಯರ್ ಪ್ರಾಜೆಕ್ಟನ್ನ ಊರಿನ ಹಾಲಿನ ಡೈರಿ ಅಥವಾ ಯಾವುದಾದ್ರೂ ಡಿಸ್ಟ್ರಿಬ್ಯೂಟರ್ ಹತ್ರ ಮಾಡಿ. ಮೂರು ತಿಂಗಳ ಡಿಸ್ಪ್ಯಾಚ್ ರಿಜಿಸ್ಟರ್ ಕೇಳಿ ಇಸ್ಕೊಂಡು, ಗಾಡಿ ಹೊರಟ ಟೈಮು, ತಲುಪಿದ ಟೈಮು ಎಕ್ಸೆಲ್‌ಗೆ ಹಾಕಿ, ಲೀಡ್ ಟೈಮಿನ, ಅಂದ್ರೆ ಮಾಲು ತಲುಪೋಕೆ ಹಿಡಿಯೋ ಸಮಯದ, ಡೀವಿಯೇಷನ್ ನೀವೇ ತೆಗೀರಿ. ಆ ಕೆಲಸ ಮಾಡ್ತಾ ಮಾಡ್ತಾ ನಿಮಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ ಅಂದ್ರೆ ಧೈರ್ಯವಾಗಿ ಸೇರ್ಕೊಳ್ಳಿ. ರಿಜಿಸ್ಟರ್ ಸಿಕ್ಕಿ ಎಲ್ಲಾದ್ರೂ ಲೆಕ್ಕದಲ್ಲಿ ಸಿಕ್ಕಾಕೊಂಡ್ರೆ ಇಲ್ಲೇ ಕೇಳಿ, ನೋಡಿ ಹೇಳ್ತೀನಿ.