ಅಮೆರಿಕದ ಕೌಂಟಿ (ನಮ್ಮ ಜಿಲ್ಲೆ ಥರದ ಆಡಳಿತ) ಜೈಲುಗಳಲ್ಲಿ ಕೈದಿಗಳ ಚಿಕಿತ್ಸೆ ಖರ್ಚು ಕಂಟ್ರೋಲ್ ಮಾಡೋದು ಹೇಗೆ?

ಚಿಕಿತ್ಸೆ ಕೊಡದೇ ದುಡ್ಡು ಉಳಿಸೋಕಂತೂ ಆಗಲ್ಲ, ಕೈದಿಗಳ ಗಂಭೀರ ಕಾಯಿಲೆನ ಬೇಕಂತಲೇ ಕಡೆಗಣಿಸೋದು ಸಂವಿಧಾನಕ್ಕೆ ವಿರುದ್ಧ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಎಸ್ಟೆಲ್ ವರ್ಸಸ್ ಗ್ಯಾಂಬಲ್ ಕೇಸಲ್ಲಿ ಹೇಳಿದೆ. ಜೈಲೊಳಗೆ ಮೆಡಿಕೇಯ್ಡ್, ಅಂದ್ರೆ ಕಡಿಮೆ ಆದಾಯದವರಿಗಿರೋ ಸರ್ಕಾರಿ ಆರೋಗ್ಯ ವಿಮೆ, ಬಹುತೇಕ ಸಿಗಲ್ಲ, ಬಿಲ್ ಕೌಂಟಿ ತಲೆ ಮೇಲೇ ಬೀಳುತ್ತೆ, ಆದ್ರೆ ಅರ್ಹತೆ ಇರೋ ಕೈದಿ ಹೊರಗಿನ ಆಸ್ಪತ್ರೇಲಿ 24 ಗಂಟೆಗಿಂತ ಜಾಸ್ತಿ ಅಡ್ಮಿಟ್ ಆದ್ರೆ ಆ ಖರ್ಚನ್ನ ಮೆಡಿಕೇಯ್ಡ್ ಕೊಡಬಹುದು, ಈ ಅರ್ಜಿ ಹಾಕೋದನ್ನ ಬಿಡ್ಲೇಬಾರ್ದು. ಎಮರ್ಜೆನ್ಸಿ ಟ್ರಿಪ್ಪೂ ದುಬಾರಿ, ಆಂಬುಲೆನ್ಸ್ ಜೊತೆ ಕಾವಲಿನವರ ಓವರ್‌ಟೈಮೂ ಸೇರುತ್ತಲ್ಲ. ಬಂದ ದಿನವೇ ಶುಗರ್, ಬಿಪಿ, ಡ್ರಗ್ಸ್ ವಿತ್‌ಡ್ರಾವಲ್ (ಡ್ರಗ್ಸ್ ನಿಂತಾಗ ಬರೋ ತೊಂದ್ರೆ) ನೋಡಿ ಮಾತ್ರೆ ಮುಂದುವರಿಸಿದ್ರೆ ಎಷ್ಟೋ ಟ್ರಿಪ್ ತಪ್ಪುತ್ತೆ. ಕೋ-ಪೇ, ಅಂದ್ರೆ ಚಿಕಿತ್ಸೆಗೆ ಕೈದಿ ಕೈಯಿಂದಲೇ ಒಂದಿಷ್ಟು ದುಡ್ಡು, ವಸೂಲಿ ಮಾಡೋದು ಮಾತ್ರ ನನ್ ಪ್ರಕಾರ ತಪ್ಪು, ಕೈಲಿ ಕಾಸಿಲ್ಲದವನು ನೋವು ನುಂಗಿಕೊಂಡು ಕೂರ್ತಾನೆ, ಆಮೇಲೆ ಸೀದಾ ಐಸಿಯುಗೇ ಹೋಗ್ಬೇಕಾಗುತ್ತೆ.