ಬಿಸಿಲೂರಿನ ಕಾರಿಗೆ ಯಾವ ಎಂಜಿನ್ ಆಯಿಲ್?

ಪ್ರಶ್ನೆ: ನಮ್ಮ ಪೆಟ್ರೋಲ್ ಕಾರಿನ ಕೈಪಿಡಿಯಲ್ಲಿ 5ಡಬ್ಲ್ಯೂ-30 ಎಂಜಿನ್ ಆಯಿಲ್ ಎಂದಿದೆ. ಇಲ್ಲಿನ ಬಿಸಿಲಿಗೆ ಅದು ತೀರಾ ತೆಳುವಾಗುತ್ತದೆ, 20ಡಬ್ಲ್ಯೂ-50 ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್. ಯಾವುದು ಸರಿ?
– ಓದುಗರೊಬ್ಬರು, ರಾಯಚೂರು

ಉತ್ತರ: ದಯವಿಟ್ಟು ಕೈಪಿಡಿಯನ್ನೇ ಅನುಸರಿಸಿ. ಹೊರಗೆ 42 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೂ ಕೂಲಂಟ್ (ಎಂಜಿನ್ನನ್ನು ತಂಪಾಗಿಸುವ ದ್ರವ) ಮತ್ತು ಅದರ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಸೇರಿ ಎಂಜಿನ್ನಿನ ತಾಪವನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುವುದರಿಂದ, ಊರಿನ ಸೆಕೆ ಆಯಿಲ್‌ ಮೇಲೆ ನಾವು ಭಾವಿಸುವಷ್ಟು ಪರಿಣಾಮ ಬೀರುವುದಿಲ್ಲ. 5ಡಬ್ಲ್ಯೂ-30 ಎಂಬಲ್ಲಿ ಕೊನೆಯ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂಬುದನ್ನು ತಿಳಿಸಿದರೆ, ಮೊದಲ ಅಂಕಿ ಚಳಿಯಲ್ಲಿ ಅದು ಹರಿಯುವ ಬಗೆಯನ್ನು ತಿಳಿಸುತ್ತದೆ. ಇಂದಿನ ಎಂಜಿನ್‌ಗಳ ಬೇರಿಂಗ್ ಸಂದುಗಳು (ತಿರುಗುವ ಭಾಗಗಳ ನಡುವಿನ ಜಾಗ) ಬಹಳ ಕಿರಿದು, ಮಂದ ಆಯಿಲ್ ಅವುಗಳಲ್ಲಿ ಸುಲಭವಾಗಿ ಹರಿಯದು. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ 20ಡಬ್ಲ್ಯೂ-50ರಂಥ ಮಂದ ಆಯಿಲ್, ತಳದಲ್ಲಿ ಅದು ಸಂಗ್ರಹವಾಗುವ ಸಂಪ್‌ನಿಂದ ಮೇಲೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ವರೆಗೆ ಏರಲು ತಡವಾಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ಸವೆಯುವುದು ಹೆಚ್ಚಾಗಿ ಆ ಕೆಲವು ಕ್ಷಣಗಳಲ್ಲೇ. ಮೈಲೇಜೂ ಇಳಿಯುತ್ತದೆ.

ಕೈಪಿಡಿ 5ಡಬ್ಲ್ಯೂ-40ಕ್ಕೂ ಅನುಮತಿ ನೀಡಿದ್ದರೆ, ಬೇಸಿಗೆಯಲ್ಲಿ ತುಂಬು ಭಾರ ಹೊತ್ತು ದೂರದೂರ ಓಡಿಸುವವರು ಅದನ್ನು ಆರಿಸಬಹುದು. ಶೂನ್ಯಕ್ಕಿಂತ ಬಹಳ ಕೆಳಗಿಳಿಯುವ ಲೇಹ್‌ನ ಚಳಿಗಾಲದಲ್ಲಾದರೆ ಮೊದಲ ಅಂಕಿ 0 ಅಥವಾ 5 ಇರುವ ಆಯಿಲೇ ಬೇಕು. ಕೊಳ್ಳುವಾಗ ಡಬ್ಬಿಯ ಮೇಲಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುಣಮಟ್ಟದ ದರ್ಜೆಯೂ ಕೈಪಿಡಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.