ಮ್ಯಾನರ್ (ಜಮೀನ್ದಾರಿ) ಎಸ್ಟೇಟಿನ ಅಗೆತದಲ್ಲಿ ಸಿಗುವ ಜೇಡಿಮಣ್ಣಿನ ತಂಬಾಕು ಪೈಪಿನ ತುಂಡುಗಳಿಂದ ಮಣ್ಣಿನ ಪದರದ ಕಾಲ ಹೇಳುವುದು ಹೇಗೆ?

ಸೂತ್ರ ಸುಲಭ, ಎಡವುವುದು ಅದಕ್ಕೂ ಮುಂಚೆ. ಸಿಲ್ವೆಸ್ಟರ್ ಮ್ಯಾನರ್ ಎಂಬ ಎಸ್ಟೇಟನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ನ್ಯೂಯಾರ್ಕಿನ ಶೆಲ್ಟರ್ ದ್ವೀಪವನ್ನು 1651ರಲ್ಲಿ ನಥಾನಿಯಲ್ ಸಿಲ್ವೆಸ್ಟರ್ ಮತ್ತು ಪಾಲುದಾರರು 1,600 ಪೌಂಡ್ ತೂಕದ ಕಚ್ಚಾ ಸಕ್ಕರೆ ಕೊಟ್ಟು ಕೊಂಡರು. 1666ರಲ್ಲಿ ಅದಕ್ಕೆ ಮ್ಯಾನರ್ ಸನ್ನದು ಸಿಕ್ಕಿತು. ಮ್ಯಾನರ್ ಎಂದಕೂಡಲೇ ಗೇಣಿದಾರರ ಊರುಗಳನ್ನು ಕಲ್ಪಿಸಿಕೊಳ್ಳಬೇಡಿ. ಗೋಧಿ, ಕೋಳಿ, ಬಿಟ್ಟಿ ಗಾಡಿಯ ಗೇಣಿ ನಡೆದದ್ದು ಹಡ್ಸನ್ ನದಿ ದಂಡೆಯ ರೆನ್ಸೆಲರ್‌ವಿಕ್ ಎಂಬ ಇನ್ನೊಂದು ಎಸ್ಟೇಟಿನಲ್ಲಿ. ಇಲ್ಲಿ ದುಡಿದವರಲ್ಲಿ ಗುಲಾಮರಾದ ಆಫ್ರಿಕನ್ನರಿದ್ದರು, ಮೂಲನಿವಾಸಿಗಳಿದ್ದರು. ಬೆಳೆದದ್ದು ಬಾರ್ಬಡೋಸಿನ ಕಬ್ಬಿನ ತೋಟಗಳಿಗೆ ಹೋಗುತ್ತಿತ್ತು. ನಥಾನಿಯಲ್ 1680ರಲ್ಲಿ ಸತ್ತ. ಈಗ ನಿಂತಿರುವ ಮನೆ 1730ರ ದಶಕದ್ದು, ಮೊಮ್ಮಗ ಬ್ರಿನ್ಲಿ ಕಟ್ಟಿಸಿದ್ದು.

ಇನ್ನು ಅಳತೆ. ಪೈಪಿನ ಕೊಳವೆಯ ರಂಧ್ರ ಕಾಲ ಕಳೆದಂತೆ ಕಿರಿದಾಗುತ್ತ ಬಂತು. ಇಂಚಿನ 64ನೇ ಭಾಗದ ಲೆಕ್ಕದಲ್ಲಿ 8 ಇದ್ದರೆ 1620–50, 7 ಇದ್ದರೆ 1650–80, 6 ಇದ್ದರೆ 1680–1710, 5 ಇದ್ದರೆ 1710–50: ಇದು ಪುರಾತತ್ತ್ವಜ್ಞ ಹ್ಯಾರಿಂಗ್ಟನ್ 1954ರಲ್ಲಿ ಕೊಟ್ಟ ಪಟ್ಟಿ. ತುಂಡನ್ನು ತೊಳೆದು, ಪೂರ್ತಿ ಒಣಗಿಸಿ, ಡ್ರಿಲ್ ಬಿಟ್ಟಿನ ನುಣುಪು ಹಿಂಬದಿಯನ್ನು ತೂರಿಸಿ ನೋಡಿ. ಕೊರೆಯುವ ತುದಿ ಹಾಕಿದರೆ ಜೇಡಿ ಕೆರೆದುಹೋಗುತ್ತದೆ. ಒಳಗೆ ಮಣ್ಣು ಉಳಿದಿದ್ದರೆ ರಂಧ್ರ ಕಿರಿದಾಗಿ ಕಂಡು ಪದರ ಹೊಸದಾಗಿಬಿಡುತ್ತದೆ.

1962ರಲ್ಲಿ ಬಿನ್ಫರ್ಡ್ ಎಂಬ ಪುರಾತತ್ತ್ವಜ್ಞ ಈ ಪಟ್ಟಿಯನ್ನು ಸೂತ್ರವಾಗಿಸಿದ: 1931.85 ರಲ್ಲಿ, 38.26 ಗುಣಿಸು ಸರಾಸರಿ ರಂಧ್ರವನ್ನು ಕಳೆಯಿರಿ. ಸರಾಸರಿ 7 ಬಂದರೆ 1664.

ಅಪಾಯ ಇಲ್ಲೇ. ಹೊಸ ಮನೆಗಾಗಿ ನೆಲ ಮಟ್ಟಮಾಡಿದಾಗ ಅಜ್ಜನ ಕಾಲದ ಮಣ್ಣೂ ಮೊಮ್ಮಗನ ಕಾಲದ ಮಣ್ಣೂ ಕಲಸಿರುತ್ತವೆ ಎನ್ನಿ. 7ರ ತುಂಡು 50, 5ರ ತುಂಡು 50 ಸಿಕ್ಕರೆ ಸರಾಸರಿ 6. ಸೂತ್ರ 1702 ಎನ್ನುತ್ತದೆ. ಆ ಪದರದಲ್ಲಿ 1702ರ ಪೈಪು ಒಂದೂ ಇಲ್ಲ! ಆದ್ದರಿಂದ ಮೊದಲು ಯಾವ ಅಳತೆಯವು ಎಷ್ಟು ಎಂದು ಎಣಿಸಿ ಗ್ರಾಫ್ ಬಿಡಿಸಿ. ಎರಡು ಗುಡ್ಡ ಕಂಡರೆ ಸರಾಸರಿ ತೆಗೆಯಲೇಬೇಡಿ, ಪದರದ ಅಂಚನ್ನು ಮತ್ತೆ ನೋಡಿ.

ಇದು ಇಂಗ್ಲಿಷ್ ಪೈಪುಗಳ ಲೆಕ್ಕ. ನ್ಯೂಯಾರ್ಕಿನಲ್ಲಿ ಡಚ್ ಪೈಪುಗಳೂ ಧಾರಾಳ. ತಂಬಾಕು ತುಂಬುವ ಬಟ್ಟಲಿನ ಆಕಾರ, ಅದರ ಅಡಿಯ ಹಿಮ್ಮಡಿಯಲ್ಲಿರುವ ಮುದ್ರೆ ನೋಡಿ ಅವನ್ನು ಬೇರೆ ತೆಗೆದಿಡಿ. ಹತ್ತಿಪ್ಪತ್ತು ತುಂಡಷ್ಟೇ ಇದ್ದರೆ ಸೂತ್ರಕ್ಕಿಂತ ಜೊತೆಗೆ ಸಿಕ್ಕ ಮಡಕೆ ಚೂರುಗಳನ್ನೇ ನಾನು ನಂಬುತ್ತೇನೆ.